ಪಂಕ್ತಿಯ ಕೊನೆಯಲ್ಲಿ ಕೂತ ದೊಡ್ಡಪ್ಪ: ಒಂದು ಪೋಷಕ ಪಾತ್ರದ ಪ್ರಕರಣ ಅಧ್ಯಯನ

ಸಿನಿಮಾ ಮುಗಿದು ಹೊರಗೆ ಬಂದ ಮೇಲೆ ಅಮ್ಮ ಕೇಳಿದ ಮೊದಲ ಪ್ರಶ್ನೆ: “ಆ ಸಾರಿನವರು ಯಾರು ಮಾರಾಯ?”

ನಾಯಕನನ್ನು ಅವಳು ಧಾರಾವಾಹಿಯಲ್ಲಿ ನೋಡಿದ್ದಳು, ಹೆಸರೂ ಗೊತ್ತಿತ್ತು. ಮದುಮಗಳ ಸೀರೆ ಚೆನ್ನಾಗಿತ್ತು ಅಂದಳು. ಅಷ್ಟು ಬಿಟ್ಟರೆ ಬೈಕ್ ತೆಗೆದು ಕಿನ್ನಿಮುಲ್ಕಿ ತಲುಪುವವರೆಗೂ ಮಾತು ಸಾರಿನವರದ್ದೇ. ಎರಡು ಗಂಟೆ ಹತ್ತು ನಿಮಿಷದ ಸಿನಿಮಾದಲ್ಲಿ ಆ ಮನುಷ್ಯ ತೆರೆಯ ಮೇಲೆ ಇರುವುದು ಹೆಚ್ಚೆಂದರೆ 9 ನಿಮಿಷ. ಅದರಲ್ಲಿ ಅಮ್ಮನಿಗೆ ನೆನಪಿದ್ದದ್ದು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷ ಹೇಗೆ ಆಯ್ತು ಅಂತ ಹತ್ತಿರದಿಂದ ನೋಡಿದವರಲ್ಲಿ ನಾನೂ ಒಬ್ಬ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಸಿನಿಮಾದ ಹೆಸರು ಹೇಳುವುದಿಲ್ಲ, ನಟರ ಹೆಸರೂ ಬೇಡ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಸಣ್ಣ ಬಜೆಟ್ಟಿನ ಕೌಟುಂಬಿಕ ಹಾಸ್ಯ ಚಿತ್ರ, ಉಡುಪಿ ಸುತ್ತಮುತ್ತ ಶೂಟಿಂಗ್. ನನಗೆ ಎರಡು ಕೆಲಸ ಕೊಟ್ಟಿದ್ದರು. ಬೆಂಗಳೂರಿನಲ್ಲಿ ಬರೆದ ಸಂಭಾಷಣೆಯನ್ನು ನಮ್ಮ ಕಡೆಯ ಬಾಯಿಗೆ ಒಗ್ಗಿಸುವುದು ಒಂದು. ಕಂಟಿನ್ಯೂಟಿ ಬರೆಯುವುದು ಇನ್ನೊಂದು. ಅಂದರೆ ಯಾವ ಟೇಕಿನಲ್ಲಿ ಲೋಟ ಯಾವ ಕೈಯಲ್ಲಿತ್ತು, ಹಪ್ಪಳ ಅರ್ಧ ಮುರಿದಿತ್ತಾ ಪೂರ್ತಿ ಇತ್ತಾ, ಇಂಥದ್ದನ್ನು ಪುಸ್ತಕದಲ್ಲಿ ಗೀಚುತ್ತಾ ಕೂರುವ ಕೆಲಸ. ಯಾರಿಗೂ ಬೇಡದ ಕೆಲಸ ಅದು. ಆದರೆ ನಟರನ್ನು ನೋಡಲಿಕ್ಕೆ ಅದಕ್ಕಿಂತ ಒಳ್ಳೆ ಜಾಗ ಸೆಟ್ಟಿನಲ್ಲಿ ಇನ್ನೊಂದಿಲ್ಲ.

ಸಾರಿನವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಸಿನಿಮಾದಲ್ಲಿ ಅವರದ್ದು ದೊಡ್ಡಪ್ಪನ ಪಾತ್ರ. ಎರಡನೇ ದಿನದಿಂದಲೇ ಲೈಟ್ ಹುಡುಗರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ದೊಡ್ಡಪ್ಪನೇ. ಇಲ್ಲೂ ಹಾಗೇ ಇರಲಿ.

ಕತೆ ಇಷ್ಟು

ಒಬ್ಬ ಅಣ್ಣ, ಒಬ್ಬ ತಮ್ಮ. ತಮ್ಮನಾದವ ಶಾಲೆಯ ಮಾಷ್ಟ್ರು. ಅವನೇ ಸಿನಿಮಾದ ನಾಯಕ. ಅವನ ಮಗಳ ಮದುವೆ. ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಮುಂಬೈಯಲ್ಲಿ ಹೋಟೆಲ್ ನಡೆಸಿ, ಅದು ಕೈಕೊಟ್ಟು ಊರಿಗೆ ಬಂದವರು. ಹಾಲ್ ಬುಕ್ ಮಾಡಿ ಅಂತ ತಮ್ಮ 50,000 ರೂಪಾಯಿ ಕೊಟ್ಟಿರುತ್ತಾನೆ. ಅಣ್ಣ ಅದನ್ನು ಹಳೇ ದೋಸ್ತಿಗೆ ಎರಡು ದಿನಕ್ಕೆ ಅಂತ ಕೈಸಾಲ ಕೊಟ್ಟು ಕೂತಿದ್ದಾರೆ. ಹಾಲ್ ಬುಕ್ ಆಗಿಲ್ಲ. ನಿಶ್ಚಯದ ದಿನ ಗಂಡಿನ ಕಡೆಯವರು ಊಟಕ್ಕೆ ಕೂತಾಗ ತಮ್ಮ ಅಣ್ಣನ ಗುಣಗಾನ ಶುರು ಮಾಡುತ್ತಾನೆ. ನಮಗೆ ಬೇಕಾದ ದೃಶ್ಯ ಅದು.

ಸ್ಕ್ರಿಪ್ಟಿನಲ್ಲಿ ಇದ್ದದ್ದು ಹೀಗೆ. ಗಂಡಿನ ಅಪ್ಪ “ಹಾಲ್ ಆಗಿದೆ ಅಲ್ವಾ?” ಅಂತ ಕೇಳುತ್ತಾರೆ. ದೊಡ್ಡಪ್ಪನಿಗೆ ಬಿಕ್ಕಳಿಕೆ ಬರುತ್ತದೆ. ನೀರು ಕುಡಿದು, “ಹಾಲಾ? ಹಾಲು ಆಗಲೇ ಪಾಯಸಕ್ಕೆ ಹಾಕಿ ಆಯ್ತಲ್ಲ!” ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ಮಾತು ಮರೆಯುತ್ತದೆ.

ಕೆಟ್ಟ ಜೋಕ್ ಅಲ್ಲ. ನಾನೂ ಓದುವಾಗ ನಕ್ಕಿದ್ದೆ. ನಿರ್ದೇಶಕರಿಗಂತೂ ಆ ಸಾಲಿನ ಮೇಲೆ ಜಾಸ್ತಿ ಪ್ರೀತಿ. ಟ್ರೇಲರಿಗೆ ಅದನ್ನೇ ಹಾಕುವುದು ಅಂತ ಮೊದಲೇ ಹೇಳಿಬಿಟ್ಟಿದ್ದರು.

ಶೂಟಿಂಗಿನ ಹಿಂದಿನ ಸಂಜೆ ದೊಡ್ಡಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ಈ ಹಾಲಿನದ್ದು ಒಂದು ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ ನೋಡು.”

ಯಾಕೆ ಅಂತ ಕೇಳಿದೆ.

“ಈ ಮಾತು ಆಡಿದ್ರೆ ನಾನು ಜಾಣ ಆಗ್ತೇನೆ. ಜಾಣ ಆದ್ರೆ ಕಳ್ಳ ಆಗ್ತೇನೆ. ನಾನು ಕಳ್ಳ ಅಲ್ಲ ಮಾರಾಯ, ಮರ್ಯಾದಸ್ಥ. ದುಡ್ಡು ಹೋಯ್ತು, ಹೇಳ್ಲಿಕ್ಕೆ ಬಾಯಿ ಇಲ್ಲ. ಅಷ್ಟೇ ಅಲ್ವಾ ವಿಷಯ?”

ಇಡೀ ಪ್ರಕರಣದ ಬೀಜ ಈ ಮಾತಿನಲ್ಲೇ ಇದೆ ಅಂತ ನನಗೆ ಅನಿಸಿದ್ದು ತುಂಬ ಆಮೇಲೆ. ಆ ಹೊತ್ತಿಗೆ, ಇವರಿಗೆ ಸಾಲು ಬಾಯಿಪಾಠ ಆಗಿಲ್ಲವೇನೋ ಅಂದುಕೊಂಡಿದ್ದೆ. ಸಣ್ಣ ಪಾತ್ರ ಸಿಕ್ಕಿದವರು ಸಾಮಾನ್ಯವಾಗಿ ಕೇಳುವುದು “ನನಗೆ ಇನ್ನೊಂದು ಡೈಲಾಗ್ ಕೊಡಿ” ಅಂತ. ಇದ್ದ ಒಂದೇ ಜೋಕನ್ನು ಬೇಡ ಅನ್ನುವವರನ್ನು ನಾನು ಮೊದಲ ಸಲ ನೋಡಿದ್ದು.

ಒಂದು ಸಣ್ಣ ಅಡ್ಡ ಮಾತು. ಕನ್ನಡದಲ್ಲಿ ಇವರಿಗೆ ನಾವು ಇಟ್ಟ ಹೆಸರು ‘ಪೋಷಕ ನಟ’. ಶಾಲೆಯಲ್ಲಿ ಪೋಷಕರ ಸಭೆ ಅಂತ ಕರೆಯುತ್ತಾರಲ್ಲ, ಅದೇ ಪೋಷಕ. ಫೀಸು ಕಟ್ಟುವುದು ಇವರು, ರ‍್ಯಾಂಕು ಬರುವುದು ಮಕ್ಕಳಿಗೆ. ರಾಷ್ಟ್ರ ಚಲನಚಿತ್ರ ಪ್ರಶಸ್ತಿ ಶುರುವಾದದ್ದು 1954ರಲ್ಲಿ. ನಟನೆಗೆ ಅಂತ ಪ್ರಶಸ್ತಿ ಬಂದದ್ದು 1967ರ ಚಿತ್ರಗಳಿಂದ. ಪೋಷಕ ನಟರಿಗೆ ಪ್ರತ್ಯೇಕ ವಿಭಾಗ ಆಗಬೇಕಾದರೆ 1984ರ ಚಿತ್ರಗಳವರೆಗೆ ಕಾಯಬೇಕಾಯಿತು. ಸಭೆಗೆ ಕುರ್ಚಿ ಹಾಕಲಿಕ್ಕೇ 30 ವರ್ಷ!

ಸಾರು

ಮಾರ್ಚ್ ತಿಂಗಳು. ಹಳೇ ಮನೆಯ ಚಾವಡಿ. ಸಿಂಕ್ ಸೌಂಡ್, ಅಂದರೆ ಮಾತನ್ನು ಶೂಟಿಂಗ್ ಹೊತ್ತಿಗೇ ರೆಕಾರ್ಡ್ ಮಾಡುವುದು, ಆದ್ದರಿಂದ ಫ್ಯಾನ್ ಬಂದ್. ಪಕ್ಕದ ಮನೆಯ ಮಿಕ್ಸಿ ನಿಲ್ಲಿಸಲಿಕ್ಕೆ ಒಬ್ಬ ಹುಡುಗನನ್ನು ಕಳಿಸಿ ಆಗಿತ್ತು. ಕೆಂಪು ನೆಲದ ಮೇಲೆ ಉದ್ದಕ್ಕೆ ಎಲೆ, ಕುಡಿ ಎಡಕ್ಕೆ. ದೊಡ್ಡಪ್ಪ ಪಂಕ್ತಿಯ ಕೊನೆಯಲ್ಲಿ, ಪಕ್ಕದಲ್ಲಿ ಗಂಡಿನ ಸೋದರಮಾವ. ತಮ್ಮ ಊಟಕ್ಕೆ ಕೂತಿಲ್ಲ, ಪಂಚೆ ಎತ್ತಿ ಕಟ್ಟಿ ನಿಂತು ಉಪಚಾರ ಮಾಡುತ್ತಿದ್ದಾನೆ.

ನಿರ್ದೇಶಕರು ಒಂದು ಒಪ್ಪಂದಕ್ಕೆ ಬಂದಿದ್ದರು. ಮೊದಲು ಸ್ಕ್ರಿಪ್ಟಿನಲ್ಲಿ ಇದ್ದಂತೆ ತೆಗೆಯೋಣ, ಆಮೇಲೆ ನಿಮ್ಮದೊಂದು ತೆಗೆಯೋಣ ಅಂತ. ಸ್ಕ್ರಿಪ್ಟಿನದ್ದು ಎರಡು ಟೇಕಿನಲ್ಲಿ ಮುಗಿಯಿತು. ದೊಡ್ಡಪ್ಪ ಹಾಲಿನ ಜೋಕನ್ನು ಚೆನ್ನಾಗಿಯೇ ಹೇಳಿದರು. ಹಟಕ್ಕೆ ಕೆಡಿಸಲಿಲ್ಲ. ಇದನ್ನೂ ಬರೆಯಬೇಕು.

ಆಮೇಲೆ ಅವರದ್ದು. “ನಾನು ಎಂತದೂ ಮಾತಾಡುವುದಿಲ್ಲ. ಸಾರು ಕೇಳ್ತೇನೆ, ಮೂರು ಸಲ.”

ನಮ್ಮ ಕಡೆ ಎಲೆ ಊಟ ಮಾಡಿದ ಎಲ್ಲರಿಗೂ ಗೊತ್ತಿರುವ ವಿಷಯ ಇದು. ಸಾರು ನೀರು. ಎಲೆಗೆ ಅಂಚಿಲ್ಲ. ಬಡಿಸುವವ ಬರುವಷ್ಟರಲ್ಲಿ ಅನ್ನದಲ್ಲಿ ಒಂದು ಕಟ್ಟೆ ಕಟ್ಟಿಕೊಳ್ಳಬೇಕು, ನಡುವೆ ಹೊಂಡ. ಸಾರು ಬಿದ್ದ ಕೂಡಲೇ ಕಲಸಬೇಕು. ತಡ ಮಾಡಿದರೆ ಕಟ್ಟೆ ಒಡೆದು ಸಾರು ಪಕ್ಕದವರ ಎಲೆಗೆ, ಇಲ್ಲದಿದ್ದರೆ ನಮ್ಮ ಪಂಚೆಗೆ. ಮಕ್ಕಳಿಗೆ ಇದೇ ಮೊದಲ ನೀರಾವರಿ ಪಾಠ.

ದೊಡ್ಡಪ್ಪ ಕೂತ ಕೂಡಲೇ ಅನ್ನ ಮುಟ್ಟಿ ನೋಡಿದರು. ಊಟದ ವ್ಯವಸ್ಥೆಯವರು ಯೂನಿಟ್ಟಿಗೆ ಮಾಡಿದ ಕುಚ್ಚಲಕ್ಕಿ ಅನ್ನವನ್ನೇ ಬಡಿಸಿದ್ದರು. “ಇದರಲ್ಲಿ ಕಟ್ಟೆ ನಿಲ್ಲುವುದಿಲ್ಲ, ಕಾಳು ಕಾಳು. ಮೇಲಾಗಿ ನಿಶ್ಚಯದ ಊಟಕ್ಕೆ ಯಾರು ಕುಚ್ಚಲಕ್ಕಿ ಹಾಕ್ತಾರೆ? ಬೆಳ್ತಿಗೆ ಬೇಕು.” ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ, ಬೇಯಿಸಿ ತರಲಿಕ್ಕೆ ಮುಕ್ಕಾಲು ಗಂಟೆ ಹೋಯ್ತು. ಪ್ರೊಡಕ್ಷನ್ ಮ್ಯಾನೇಜರ್ ಗಡಿಯಾರ ನೋಡುತ್ತಿದ್ದ. ನಾನು ಪುಸ್ತಕದಲ್ಲಿ ಬರೆದುಕೊಂಡೆ: ‘ಅನ್ನ ಬದಲು.’

ಎಲೆಯ ಕೆಳಗೆ ಒಂದು ಕಡೆ ಪೇಪರ್ ಮಡಚಿ ಇಟ್ಟರು, ಸೋದರಮಾವನ ಕಡೆಗೆ ಚೂರು ಇಳಿಜಾರು ಆಗುವಂತೆ. ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಬಡಿಸುವವನ ಪಾತ್ರಕ್ಕೆ ನಿಜವಾದ ಬಡಿಸುವ ಹುಡುಗನನ್ನೇ ನಿಲ್ಲಿಸಿದ್ದರು. ಅವನಿಗೆ ಅಭ್ಯಾಸಬಲ. “ಸಾರು, ಸಾರು, ಸಾರು” ಅನ್ನುತ್ತಾ ನಿಲ್ಲದೆ ನಡೆದುಬಿಡುತ್ತಾನೆ. ದೊಡ್ಡಪ್ಪನ ಹತ್ತಿರ ಸ್ವಲ್ಪ ನಿಲ್ಲು ಅಂತ ನಿರ್ದೇಶಕರು ಹೇಳಿಕೊಡಲಿಕ್ಕೆ ಹೋದರು. ದೊಡ್ಡಪ್ಪ ತಡೆದರು. “ಅವ ಅವನ ಪಾಡಿಗೆ ಹೋಗಲಿ. ನಾನು ವಾಪಸು ಕರೀತೇನೆ.”

ಆ ಮೂರು ಕರೆ ಹೀಗಿದ್ದವು.

ತಮ್ಮ ಹೇಳುತ್ತಾನೆ, “ಹಾಲಿನ ವಿಷಯ ಬಿಡಿ, ಅದೆಲ್ಲ ಅಣ್ಣ ನೋಡಿಕೊಂಡಿದ್ದಾರೆ.” ದೊಡ್ಡಪ್ಪ ತಲೆ ಎತ್ತಿ, ಮನೆಯ ಯಜಮಾನನ ಗತ್ತಿನಲ್ಲಿ, “ಓ ಮಾಣಿ, ಸಾರು ಇಲ್ಲಿ!” ದೊಡ್ಡ ಸ್ವರ. ಇದರಲ್ಲಿ ಏನೂ ವಿಶೇಷ ಇಲ್ಲ. ಯಾರೂ ನಗುವುದಿಲ್ಲ. ನಗಬಾರದು.

ತಮ್ಮ ಮುಂದುವರಿಸುತ್ತಾನೆ, “ಅಣ್ಣ ಅಂದ್ರೆ ಒಂದು ರೂಪಾಯಿ ಆಚೀಚೆ ಇಲ್ಲ.” ಅಷ್ಟರಲ್ಲಿ ಪಂಕ್ತಿಗೆ ಮಟ್ಟುಗುಳ್ಳ ಬದನೆಯ ಹುಳಿ ಬಂದಿದೆ. ಎಲ್ಲರೂ ಹುಳಿಗೆ ಹೋಗಿದ್ದಾರೆ, ಇವರು ಇನ್ನೂ ಸಾರಿನಲ್ಲೇ. ಎರಡು ಬೆರಳು ಎತ್ತಿ, ಅರ್ಧ ಸ್ವರದಲ್ಲಿ, “ಸ್ವಲ್ಪ ಸಾರು.” ಸೋದರಮಾವ ಒಮ್ಮೆ ಇವರ ಎಲೆ ನೋಡುತ್ತಾನೆ. ಕಟ್ಟೆ ಕಂಠಮಟ್ಟ ತುಂಬಿದೆ. ದೊಡ್ಡಪ್ಪ ಹೆಬ್ಬೆರಳಿನಲ್ಲಿ ಅನ್ನ ಒತ್ತಿ ಒತ್ತಿ ಸೋರುವ ಕಡೆ ಮುಚ್ಚುತ್ತಿದ್ದಾರೆ. ಮುಖ ಮಾತ್ರ ತಮ್ಮನ ಕಡೆಗೆ.

ಮೂರನೆಯದ್ದು ಬೇರೆ. ತಮ್ಮನ ಸ್ವರ ಇಳಿಯುತ್ತದೆ. “ಅಪ್ಪ ಹೋದ ಮೇಲೆ ನನಗೆ ಅಪ್ಪ ಇಲ್ಲ ಅಂತ ಗೊತ್ತಾಗಲೇ ಇಲ್ಲ.” ದೊಡ್ಡಪ್ಪನಿಗೆ ಈ ಸಲ ಕರೆಯಲಿಕ್ಕೆ ಸ್ವರವೇ ಇಲ್ಲ. ಬರೀ ಕೈ ಎತ್ತುತ್ತಾರೆ. ಬಡಿಸುವವ ಬರುತ್ತಾನೆ, ಹಾಕುತ್ತಾನೆ. ಒತ್ತಿ ಹಿಡಿದ ಹೆಬ್ಬೆರಳು ಸಡಿಲ ಆಗುತ್ತದೆ. ಸಾರು ನಿಧಾನಕ್ಕೆ, ಯಾವ ಗಡಿಬಿಡಿಯೂ ಇಲ್ಲದೆ, ಸೋದರಮಾವನ ಎಲೆಯ ಕಡೆ ಹೊರಡುತ್ತದೆ. ಸೋದರಮಾವ ಮಾತಿಲ್ಲದೆ ಪಂಚೆ ಎತ್ತಿಕೊಂಡು ಸ್ವಲ್ಪ ಸರಿದು ಕೂರುತ್ತಾನೆ.

ಅಷ್ಟೇ ದೃಶ್ಯ. ಮುಚ್ಚಿಟ್ಟದ್ದು ಸೋರುತ್ತಿದೆ ಅಂತ ಯಾರೂ ಹೇಳುವುದಿಲ್ಲ. ಹೇಳುವುದು ಬೇಕೂ ಇಲ್ಲ.

ಒಂದೇ ಸಲಕ್ಕೆ ಆದದ್ದಲ್ಲ. ಒಟ್ಟು ಒಂಬತ್ತು ಟೇಕ್. ಪ್ರತಿ ಸಲ ಹೊಸ ಎಲೆ, ಹೊಸ ಅನ್ನ, ನೆಲ ಒರೆಸುವುದು. ಸಾರು ಬಿಸಿ ಇದ್ದಾಗ ಕಟ್ಟೆ ಬೇಗ ಕರಗುತ್ತಿತ್ತು. ಐದನೇ ಟೇಕಿನಿಂದ ತಣ್ಣಗಿನ ಸಾರು. ತಿನ್ನುವುದೂ ಒಂದು ಲೆಕ್ಕ. ಇಡೀ ಪಂಕ್ತಿ ಕಾಣುವ ಮಾಸ್ಟರ್ ಶಾಟಿನಲ್ಲಿ ನಾಲ್ಕು ತುತ್ತು ಉಂಡರೆ ಕ್ಲೋಸ್‌ಅಪ್ಪಿನಲ್ಲೂ ಅದೇ ಮಾತಿಗೆ ಅದೇ ತುತ್ತು. ಉಳಿದ ನಟರು ಮೊದಲ ಟೇಕಿನಲ್ಲಿ ಹಸಿವಿಗೆ ಚೆನ್ನಾಗಿ ಉಂಡು, ಆರನೆಯದ್ದಕ್ಕೆ ಹೊಟ್ಟೆ ಹಿಡಿದುಕೊಂಡರು. ದೊಡ್ಡಪ್ಪ ಮೊದಲಿನಿಂದಲೂ ಗುಬ್ಬಿ ತುತ್ತು. ಯಾವ ಮಾತಿಗೆ ಕೈ ಎಲ್ಲಿತ್ತು ಅಂತ ನನ್ನ ಪುಸ್ತಕ ನೋಡಬೇಕಾದದ್ದು ಅವರಿಗೆ ಒಂದು ಸಲ ಮಾತ್ರ. ನಲವತ್ತು ವರ್ಷ ನೋಟು ಎಣಿಸಿದ ಕೈ ಅದು.

ನಾಲ್ಕನೇ ಟೇಕ್

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಾಲ್ಕನೇ ಟೇಕ್ ಆದ ಮೇಲೆ ತಮ್ಮನ ಪಾತ್ರದವರು, ಅಂದರೆ ನಾಯಕ, ಸ್ವಲ್ಪ ಗಂಟುಮುಖದಲ್ಲಿ ಕೇಳಿದರು. “ಸರ್, ನೀವು ಹಿಂದೆ ಏನು ಮಾಡ್ತಾ ಇದ್ದೀರಿ? ಎಲ್ಲ ನಿಮ್ಮನ್ನೇ ನೋಡ್ತಿದ್ದಾರೆ.”

ಅವರು ಹೇಳಿದ್ದು ಸರಿಯೇ. ಲೈಟ್ ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾಯಕ ಅಪ್ಪನ ಬಗ್ಗೆ ಹೇಳುವ ಮಾತು ಇಡೀ ಸಿನಿಮಾದಲ್ಲಿ ಅವರ ಒಳ್ಳೆಯ ಸಾಲುಗಳಲ್ಲಿ ಒಂದು. ಅದರ ಮಧ್ಯದಲ್ಲೇ ಸಾರು ಹರಿದರೆ ಆ ಸಾಲು ಮುಳುಗುತ್ತದೆ. ಹಾಸ್ಯ ಪಾತ್ರದವರು ಎದುರಿನವರ ಮಾತಿನ ಮೇಲೆ ಚೇಷ್ಟೆ ಮಾಡಿ ನಗು ಗಿಟ್ಟಿಸುವುದು ಹೊಸತಲ್ಲ. ಬೇಕಾದಷ್ಟು ನೋಡಿದ್ದೇವೆ, ಚಪ್ಪಾಳೆಯನ್ನೂ ತಟ್ಟಿದ್ದೇವೆ.

ದೊಡ್ಡಪ್ಪ “ತಪ್ಪಾಯ್ತು” ಅಂದರು. ಐದನೇ ಟೇಕಿನಿಂದ ಒಂದೇ ಒಂದು ಬದಲಾವಣೆ. ನಾಯಕನ ಬಾಯಿಂದ ‘ಗೊತ್ತಾಗಲೇ ಇಲ್ಲ’ ಅನ್ನುವ ಕೊನೆಯ ಶಬ್ದ ಬಿದ್ದು, ಅವರು ಉಸಿರು ತೆಗೆದುಕೊಳ್ಳುವವರೆಗೆ ಹೆಬ್ಬೆರಳು ಸಡಿಲ ಬಿಡಲಿಲ್ಲ. ತಡವಾದದ್ದು ಎಷ್ಟು? ಒಂದು ಸೆಕೆಂಡ್ ಇರಬಹುದು. ಆದರೆ ದೃಶ್ಯವೇ ಬೇರೆ ಆಯ್ತು. ಮೊದಲು ಸಾರು ತಮ್ಮನ ಮಾತಿಗೆ ಅಡ್ಡ ಬಂದಂತೆ ಇತ್ತು. ಈಗ ತಮ್ಮನ ಮಾತೇ ಹೋಗಿ ಕಟ್ಟೆ ಒಡೆದಂತೆ. ನಗು ಯಾರದ್ದು ಅಂತ ಕೇಳಿದರೆ, ತಮ್ಮನದ್ದು. ಥಿಯೇಟರಿನಲ್ಲಿ ನೋಡಿದೆ, ಜನ ನಗುವುದು ಸಾರು ಹರಿಯುವಾಗ, ಆದರೆ ಆ ಹೊತ್ತಿಗೆ ತೆರೆಯ ಮೇಲೆ ದೊಡ್ಡದಾಗಿ ಕಾಣುವುದು ನಾಯಕನ ಮುಖ. ಕಣ್ಣು ಒದ್ದೆ ಮಾಡಿಕೊಂಡು ಅಣ್ಣನನ್ನು ನೋಡುತ್ತಿರುವ ಪಾಪದ ಮುಖ.

ಪೋಷಕ ನಟನನ್ನು ಮೆಚ್ಚುವಾಗ ನಾವು ಸಾಮಾನ್ಯವಾಗಿ “ಸಣ್ಣ ಪಾತ್ರವಾದರೂ ಮಿಂಚಿದ್ದಾರೆ” ಅಂತ ಬರೆಯುತ್ತೇವೆ. ನನಗೆ ಈಗ ಆ ಮಾತಿನ ಮೇಲೆ ಅನುಮಾನ. ಮಿಂಚುವುದು ಸುಲಭ. ಸಾರನ್ನು ಒಂದು ಸೆಕೆಂಡ್ ತಡೆದು ಹಿಡಿಯುವುದು ಕಷ್ಟ.

ಎಲ್ಲಿಂದ ಬಂತು ಇದು

ಕೇಳಿದರೆ ಅವರು ಹೇಳುವುದು ಯಕ್ಷಗಾನ. ಸಣ್ಣ ಪ್ರಾಯದಲ್ಲಿ ಹವ್ಯಾಸಿ ತಂಡದಲ್ಲಿ ದೂತ, ಬ್ರಾಹ್ಮಣ, ನಳ ದಮಯಂತಿಯ ಬಾಹುಕ, ಇಂಥ ವೇಷ ಮಾಡಿದವರು. ದೀಪಾವಳಿ ಕಳೆದು ಮೇಳ ಹೊರಟರೆ, ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆವರೆಗೆ ಬ್ಯಾಂಕಿಗೆ ನಿದ್ದೆಗಣ್ಣಲ್ಲೇ ಹೋಗುತ್ತಿದ್ದರಂತೆ. ನೋಟಿನ ಲೆಕ್ಕ ಒಂದು ದಿನವೂ ತಪ್ಪಲಿಲ್ಲ ಅಂತ ಜೊತೆಗೆ ಸೇರಿಸುತ್ತಾರೆ. ಮಿಜಾರು ಅಣ್ಣಪ್ಪ, ಕುಂಜಾಲು ರಾಮಕೃಷ್ಣ, ಹಳ್ಳಾಡಿ ಜಯರಾಮ ಶೆಟ್ಟಿ, ಇವರ ಹಾಸ್ಯ ನೋಡಿ ನೋಡಿ ಕಲಿತದ್ದು ಅನ್ನುತ್ತಾರೆ.

ಯಕ್ಷಗಾನದ ಹಾಸ್ಯಗಾರನ ಕೆಲಸ ಬರೀ ನಗಿಸುವುದು ಅಲ್ಲ. ರಾಜ ಬಂದು ಸುಮ್ನೆ ನಿಂತರೆ ಅವನ ಬಾಯಿಂದ ವಿಷಯ ಹೊರಡಿಸಬೇಕಲ್ಲ? ದೂತ ಏನೂ ತಿಳಿಯದವನ ಹಾಗೆ ಪ್ರಶ್ನೆ ಕೇಳುತ್ತಾನೆ. ರಾಜ ವಿವರಿಸುತ್ತಾನೆ. ಕತೆ ಮುಂದೆ ಹೋಗುತ್ತದೆ. ಹಾಸ್ಯಗಾರ ತಾನೇ ಜಾಸ್ತಿ ಮಾತಾಡಿದರೆ ರಾಜ ಗದೆ ಹಿಡಿದು ಕಂಬದ ಹಾಗೆ ನಿಲ್ಲಬೇಕಾಗುತ್ತದೆ. ಬೆಳಗ್ಗೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬೈಗುಳ ಗ್ಯಾರಂಟಿ. ಒಂದು ಸಲ ತಾನೂ ತಿಂದಿದ್ದೇನೆ ಅಂದರು. ಯಾರಿಂದ ಅಂತ ಮಾತ್ರ ಹೇಳಲಿಲ್ಲ.

ಸಿನಿಮಾದಲ್ಲಿ ಯಾರು ಇಷ್ಟ ಅಂತ ಕೇಳಿದ್ದೆ. ಚಾ ಕುಡಿಯುತ್ತಾ ಎರಡು ಹೆಸರು ಹೇಳಿದರು.

ಒಂದು, ‘ಗಣೇಶನ ಮದುವೆ’ಯ ಮನೆ ಮಾಲೀಕ. ಫಣಿ ರಾಮಚಂದ್ರ ನಿರ್ದೇಶನದ 1990ರ ಚಿತ್ರ. ಅನಂತನಾಗ್ ನಾಯಕ, ನಮ್ಮ ಉಡುಪಿಯ ವಿನಯಾ ಪ್ರಸಾದ್ ನಾಯಕಿ. ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ‘ಮುಖ್ಯಮಂತ್ರಿ’ ನಾಟಕದಿಂದ ಹೆಸರಿನ ಮುಂದೆ ಪದವಿ ಅಂಟಿಸಿಕೊಂಡವರು. ಬಾಡಿಗೆದಾರನಿಗೂ ಮಾಲೀಕನಿಗೂ ಎಣ್ಣೆ ಸೀಗೆಕಾಯಿ. ಮಾಲೀಕನ ಮಗಳೇ ತಾನು ಕಾಗದದಲ್ಲಿ ಪ್ರೀತಿಸುವ ಹುಡುಗಿ ಅಂತ ಬಾಡಿಗೆದಾರನಿಗೆ ಗೊತ್ತಿಲ್ಲ. “ಆ ಮಾಲೀಕನ ಸಿಟ್ಟು ನಿಜದ ಸಿಟ್ಟು. ತಾನು ಕಾಮಿಡಿ ಸಿನಿಮಾದಲ್ಲಿ ಇದ್ದೇನೆ ಅಂತ ಅವನಿಗೆ ಗೊತ್ತೇ ಇಲ್ಲ. ಅದಕ್ಕೇ ನಮಗೆ ನಗು,” ಅಂದರು ದೊಡ್ಡಪ್ಪ. ನಾನು ಆ ಸಿನಿಮಾ ಎಷ್ಟೋ ಸಲ ನೋಡಿದ್ದೆ, ಹೀಗೆ ಯೋಚಿಸಿರಲಿಲ್ಲ. ಮಾಲೀಕನ ಸಿಟ್ಟು ಹುಸಿ ಅನಿಸಿದ್ದರೆ ಕಾಗದದ ಪ್ರೀತಿಯ ತಮಾಷೆಗೆ ನಿಲ್ಲಲಿಕ್ಕೆ ನೆಲವೇ ಇರುತ್ತಿರಲಿಲ್ಲ.

ಇನ್ನೊಂದು, ಬಾಲಣ್ಣ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ನೂರಾರು ಸಿನಿಮಾ ಹೀಗೇ ಮಾಡಿದರು. “ಕಿವಿ ಇದ್ದವರು ನಾವು ಎದುರಿನವರ ಮುಖವನ್ನೇ ನೋಡುವುದಿಲ್ಲ. ನಮ್ಮ ಸರದಿ ಯಾವಾಗ ಬರ್ತದೆ ಅಂತ ಕಾಯ್ತಾ ಇರ್ತೇವೆ,” ಅಂದು ಚಾ ಲೋಟ ಕೆಳಗಿಟ್ಟರು.

ಎಡವಿದ್ದೂ ಉಂಟು

ದೊಡ್ಡಪ್ಪ ಎಲ್ಲಾ ಕಡೆ ಹೀಗೇ ಮಾಡಿದರು ಅಂತ ಬರೆದರೆ ಸುಳ್ಳಾಗುತ್ತದೆ. ಹಣ ತೆಗೆದುಕೊಂಡು ಹೋದ ದೋಸ್ತಿಗೆ ಫೋನ್ ಮಾಡುವ ದೃಶ್ಯ ಒಂದಿತ್ತು. ಒಬ್ಬರೇ ಇರುವ ದೃಶ್ಯ, ಪೂರ್ತಿ ಅವರದ್ದೇ. ಅದರಲ್ಲಿ ಅವರು ಎಡವಿದರು.

ಅವರು ತುಳು ನಾಟಕದಲ್ಲೂ ಪಳಗಿದವರು. ತುಳು ನಾಟಕದ ಸ್ಟೇಜಿನಲ್ಲಿ ಒಂದು ಮಾತು ಹೇಳಿ, ನಗು ಏಳುವವರೆಗೆ ಕಾದು, ಅದು ಇಳಿಯುವ ಹೊತ್ತಿಗೆ ಮುಂದಿನದ್ದು ಎಸೆಯಬೇಕು. ಮೊದಲೇ ಎಸೆದರೆ ನಗುವಿನಲ್ಲಿ ಮಾತು ಕೊಚ್ಚಿ ಹೋಗುತ್ತದೆ. ಈ ಲೆಕ್ಕ ರಕ್ತದಲ್ಲಿ ಸೇರಿಬಿಡುತ್ತದೆ. ಫೋನಿನ ದೃಶ್ಯದಲ್ಲಿ ಎದುರು ಯಾರೂ ಇಲ್ಲ, ನೋಡಲಿಕ್ಕೆ ಮುಖ ಇಲ್ಲ. ಹಳೇ ಅಭ್ಯಾಸ ವಾಪಸು ಬಂತು. ಪ್ರತಿ ಜೋಕಿನ ಹಿಂದೆ ಒಂದು ನಿಲುಗಡೆ. ಸ್ವರ ಹಿಂದಿನ ಸಾಲಿನ ಪ್ರೇಕ್ಷಕನಿಗೆ ಕೇಳುವಷ್ಟು. ಸಿನಿಮಾದಲ್ಲಿ ಆ ನಿಲುಗಡೆಗಳು ಖಾಲಿ ಹೊಂಡಗಳು. ನಿರ್ದೇಶಕರಿಗೂ ಹೇಳಲಿಕ್ಕೆ ಸಂಕೋಚ, ಹಿರಿಯರಲ್ವಾ. ಆ ದೃಶ್ಯ ಎರಡೂವರೆ ನಿಮಿಷದಿಂದ 40 ಸೆಕೆಂಡಿಗೆ ಇಳಿಯಿತು. ಅದು ಸರಿಯೇ ಆಯ್ತು ಅಂತ ನನ್ನ ಅಭಿಪ್ರಾಯ. ದೊಡ್ಡಪ್ಪನಿಗೆ ಇವತ್ತಿಗೂ ಬೇಜಾರು. ಅವರ ಪ್ರಕಾರ ಸಿನಿಮಾದಲ್ಲಿ ಅವರು ಮಾಡಿದ ಒಳ್ಳೆ ದೃಶ್ಯ ಅದು. ನಟರಿಗೆ ತಮ್ಮ ಒಳ್ಳೆಯದು ಯಾವುದು ಅಂತ ಗೊತ್ತಿರಬೇಕು ಅಂತ ಏನೂ ಇಲ್ಲ.

ಮೊದಲ ಸಾರು

ಎಡಿಟಿಂಗ್ ಬೆಂಗಳೂರಿನಲ್ಲಿ. ಹಾಲಿನ ಜೋಕ್ ಮತ್ತು ಸಾರು ಎರಡನ್ನೂ ಇಟ್ಟು ನೋಡಿದರು. ಸಾರೇ ಇರಲಿ ಅಂದವರು ನಿರ್ದೇಶಕರೇ. ತಾವೇ ಬರೆದ ಜೋಕನ್ನು ತಾವೇ ತೆಗೆಯುವುದು ಸಣ್ಣ ವಿಷಯ ಅಲ್ಲ. ಅವರಿಗೆ ಅದರ ಮರ್ಯಾದೆ ಸಲ್ಲಬೇಕು.

ಎಡಿಟ್ ಮಾಡಿದ ಮೊದಲ ಕಟ್ ಅನ್ನು ನನಗೆ ಫೋನಿಗೆ ಕಳಿಸಿದರು, ಭಾಷೆ ಸರಿಯಿದೆಯಾ ನೋಡಲಿಕ್ಕೆ. ನೋಡಿದೆ. ಭಾಷೆ ಸರಿ ಇತ್ತು. ಆದರೆ ದೃಶ್ಯಕ್ಕೆ ನಗು ಬರಲಿಲ್ಲ. ಇನ್ನೊಮ್ಮೆ ನೋಡಿದೆ. ಆಗ ಗೊತ್ತಾಯ್ತು. ಮೊದಲ ಸಾರು ಇರಲಿಲ್ಲ.

ಎಡಿಟರ್ ಹುಡುಗ ಚುರುಕು, ತಪ್ಪು ಮಾಡುವವನಲ್ಲ. ಅವನ ವಾದ ಹೀಗೆ. ಮೊದಲ ಕರೆಯಲ್ಲಿ ಏನೂ ಆಗುವುದಿಲ್ಲ, ಒಬ್ಬ ಸಾರು ಕೇಳುತ್ತಾನೆ, ಅಷ್ಟೆ. ತೆಗೆದರೆ 4 ಸೆಕೆಂಡ್ ಉಳಿಯುತ್ತದೆ, ದೃಶ್ಯ ಬಿಗಿಯಾಗುತ್ತದೆ. ಕಾಗದದ ಮೇಲೆ ಅವನು ಹೇಳಿದ್ದು ನಿಜ. ಆದರೆ ಆ ಮೊದಲ “ಓ ಮಾಣಿ, ಸಾರು ಇಲ್ಲಿ!” ಇಲ್ಲದಿದ್ದರೆ ಎರಡನೆಯ ಕರೆ ಯಾಕೆ ಮೆತ್ತಗೆ ಬಂತು ಅಂತ ಗೊತ್ತಾಗುವುದಿಲ್ಲ. ಗತ್ತು ಇದ್ದದ್ದೇ ನೋಡದಿದ್ದರೆ ಅದು ಇಳಿದದ್ದು ಹೇಗೆ ಕಾಣಬೇಕು? ಮನುಷ್ಯನ ಸ್ವರ ಮೂರು ಮೆಟ್ಟಿಲು ಇಳಿಯುವುದೇ ಆ ದೃಶ್ಯ. ಎರಡೇ ಇದ್ದರೆ ಹೊಟ್ಟೆಬಾಕ ಮುದುಕ ಒಬ್ಬ ಸಾರು ಚೆಲ್ಲಿದ ಹಾಗೆ.

ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆವು. ನಾನು ಕಂಟಿನ್ಯೂಟಿ ಪುಸ್ತಕದ ಪುಟದ ಫೋಟೋ ಕಳಿಸಿದೆ. ಅದರಲ್ಲಿ ಪ್ರತಿ ಕರೆಗೂ ಕೈ ಎಲ್ಲಿ, ಸ್ವರ ಎಷ್ಟು, ಕಟ್ಟೆ ಎಷ್ಟು ತುಂಬಿತ್ತು ಅಂತ ಇತ್ತು. ನಾವು ಜಗಳಾಡಿದ ಆ 4 ಸೆಕೆಂಡ್, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ, 96 ಫ್ರೇಮ್. ಕೊನೆಗೆ ಹುಡುಗ, “ಸರಿ ಸರ್, ಹಾಕ್ತೀನಿ, ಆದ್ರೆ ನಗು ಬರ್ಲಿಲ್ಲ ಅಂದ್ರೆ ನನ್ನ ಕೇಳ್ಬೇಡಿ” ಅಂದ. ಹಾಕಿದ. ಇಡೀ ಸಿನಿಮಾಕ್ಕೆ ನಾನು ಮಾಡಿದ ಉಪಕಾರ ಅಂತ ಇದ್ದರೆ ಅದೊಂದೇ.

ಥಿಯೇಟರ್

ಬಿಡುಗಡೆಯ ಶುಕ್ರವಾರ ಉಡುಪಿಯಲ್ಲಿ ಮಧ್ಯಾಹ್ನದ ಆಟಕ್ಕೆ ಹೋದೆ. ಒಟ್ಟು 14 ಜನ. ಸಾರಿನ ದೃಶ್ಯಕ್ಕೆ ಒಬ್ಬರೂ ನಗಲಿಲ್ಲ. ಹಿಂದೆ ಕೂತಿದ್ದ ಒಬ್ಬರು ಮೂಗಿನಲ್ಲಿ ಹ್ಞೂಂ ಅಂದದ್ದು ಬಿಟ್ಟರೆ ಇಲ್ಲ. ನನಗೆ ಎಡಿಟರ್ ಹುಡುಗನ ಮಾತು ನೆನಪಾಗಿ ಬೆವರು ಬಂತು.

ಭಾನುವಾರ ಸಂಜೆ ಅಮ್ಮನನ್ನು ಕರೆದುಕೊಂಡು ಹೋದೆ. ಮುಕ್ಕಾಲು ಭಾಗ ತುಂಬಿತ್ತು, ಹೆಚ್ಚಿನವರು ಮನೆಮಂದಿ ಸಮೇತ. ಇಲ್ಲಿ ನಗು ಎರಡನೇ ಸಾರಿಗೇ ಶುರುವಾಯ್ತು. ಹುಳಿ ಬಂದ ಮೇಲೂ ಸಾರು ಕೇಳುವುದು ನಮ್ಮವರಿಗೆ ಕೂಡಲೇ ತಟ್ಟಿತು. ಮುಂದಿನ ಸಾಲಿನ ಹೆಂಗಸೊಬ್ಬರು “ಅಯ್ಯೋ, ಒಡೀತದೆ ಈಗ” ಅಂತ ಜೋರಾಗಿಯೇ ಹೇಳಿದರು. ಮೂರನೆಯದ್ದಕ್ಕೆ ಇಡೀ ಹಾಲ್. ನಗು ಎಷ್ಟು ಹೊತ್ತು ಇತ್ತು ಅಂದರೆ ಅದರ ಹಿಂದೆ ಬರುವ ಸೋದರಮಾವನ ಒಂದು ಸಾಲು ಯಾರಿಗೂ ಕೇಳಲಿಲ್ಲ. ಪುಣ್ಯಕ್ಕೆ ಅದು ಅಂಥ ಮುಖ್ಯ ಸಾಲು ಅಲ್ಲ. ಅಮ್ಮ ನಗುತ್ತಾ ನಗುತ್ತಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಸಾರಿಗೋ ತಮ್ಮನ ಮಾತಿಗೋ ಗೊತ್ತಾಗಲಿಲ್ಲ. ನಾನೂ ಕೇಳಲಿಲ್ಲ.

ವಾರದ ಮೇಲೆ ಮಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ದೊಡ್ಡಪ್ಪನ ಜೊತೆಗೇ ನೋಡಿದೆ. ಜನ ನಗುವಾಗ ಅವರು ತೆರೆ ನೋಡುತ್ತಿರಲಿಲ್ಲ. ಕುತ್ತಿಗೆ ತಿರುಗಿಸಿ ಸೀಟುಗಳನ್ನು ನೋಡುತ್ತಿದ್ದರು. ಫೋನಿನ ದೃಶ್ಯ ಬಂದಾಗ ಮಾತ್ರ ತೆರೆಗೇ ಕಣ್ಣು ನೆಟ್ಟು, 40 ಸೆಕೆಂಡಿಗೆ ಮುಗಿದ ಕೂಡಲೇ, “ನೋಡು, ಕತ್ತರಿಸಿ ಹಾಕಿದ್ದಾರೆ” ಅಂದರು.

ಕೊನೆಯಲ್ಲಿ ಹೆಸರುಗಳು ಬಂದವು. ದೊಡ್ಡಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಅವರಿಗೆ ಅದು ಕಾಣಲಿಲ್ಲ, ಕನ್ನಡಕ ಆಗಲೇ ಪೆಟ್ಟಿಗೆಗೆ ಹಾಕಿ ಆಗಿತ್ತು. ನಾನು ಹೇಳಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಸಂಭಾವನೆ ಬಂತಾ ಅಂತ ಕೇಳಿದೆ. ಮೂರು ಕಂತಿನಲ್ಲಿ ಕೊಡುವುದು ಅಂತ ಮಾತಾಗಿತ್ತು. ನನ್ನದೂ ಹಾಗೇ.

“ಮೊದಲಿನದ್ದು ಜೋರಾಗಿ ಬಂತು,” ಅಂದರು. “ಎರಡನೆಯದ್ದು ಸ್ವಲ್ಪ ಮೆತ್ತಗೆ. ಮೂರನೆಯದ್ದಕ್ಕೆ ಕೈ ಎತ್ತಿ ಕೂತಿದ್ದೇನೆ. ಬಡಿಸುವವ ಈ ಕಡೆ ನೋಡುವುದೇ ಇಲ್ಲ ಮಾರಾಯ.”